ವಾಲ್ವಿನ ಜಗಳಕ್ಕೆ ವಾಲ್ಯೂಮಿನ ತೀರ್ಪು

ಎಲೆಕ್ಟ್ರಿಕ್ ಗಿಟಾರ್ ನುಡಿಸೋ ನಾಲ್ಕು ಜನ ಒಂದ್ಕಡೆ ಸೇರಿದ್ರೆ ಮುಗೀತು. ಅರ್ಧ ಗಂಟೆಯೊಳಗೆ ಮಾತು ಹಾಡಿನಿಂದ ಆಂಪ್ಲಿಫೈಯರಿಗೆ, ಆಂಪ್ಲಿಫೈಯರಿನಿಂದ ಅದರೊಳಗಿನ ಟ್ಯೂಬಿಗೆ ಬಂದು ನಿಲ್ಲುತ್ತೆ. "6ಎಲ್6 ಹಾಕಿದ್ರೆ ಅಮೆರಿಕನ್ ಸೌಂಡು, ಇಎಲ್34 ಹಾಕಿದ್ರೆ ಬ್ರಿಟಿಷ್ ಸೌಂಡು" ಅಂತ ಒಬ್ಬ ಶುರು ಮಾಡ್ತಾನೆ. "ಕೆಟಿ88 ಹಾಕಿ ನೋಡು, ಎದೆಗೇ ಗುದ್ದುತ್ತೆ" ಅಂತಾನೆ ಇನ್ನೊಬ್ಬ. ಮೂರನೆಯವನು ಯಾವುದೋ ವಿಡಿಯೊ ಹಾಕಿ ಎಲ್ಲರ ಕಿವಿಗೂ ಹಿಡೀತಾನೆ. ನಾಲ್ಕನೆಯವನು ಅಷ್ಟೊತ್ತಿಗೆ ಒಂದು ಸೆಟ್ ಟ್ಯೂಬ್ ಆರ್ಡರ್ ಮಾಡೋಕೆ ಮೊಬೈಲ್ ತೆಗೆದಿರ್ತಾನೆ. ಈ ಲೇಖನ ಆ ನಾಲ್ಕನೆಯವನಿಗೆ.

ಟ್ಯೂಬ್ ಹೋಲಿಕೆ ಅನ್ನೋದು ಈಗ ವಿಮರ್ಶೆಯ ಒಂದು ಪ್ರಕಾರವೇ ಆಗಿಬಿಟ್ಟಿದೆ. ಸಿನಿಮಾ ವಿಮರ್ಶೆ, ಹೋಟೆಲ್ ವಿಮರ್ಶೆ ಇದ್ದ ಹಾಗೆ ಇದೂ ಒಂದು. ಅದಕ್ಕೇ ಆದ ಪದಕೋಶ ಇದೆ: ಬೆಚ್ಚಗಿದೆ, ಕೆನೆಯ ಹಾಗಿದೆ, ಕಂದು ಬಣ್ಣ ಇದೆ, ಗುರ್ ಅನ್ನುತ್ತೆ, ಗಾಜಿನ ಹಾಗೆ ಹೊಳೆಯುತ್ತೆ. ಅದಕ್ಕೇ ಆದ ವಿಧಿ ಇದೆ: ಒಂದು ಸೆಟ್ ಟ್ಯೂಬ್ ಕಿತ್ತು, ಇನ್ನೊಂದು ಸೆಟ್ ಕೂರಿಸಿ, ಅದೇ ರಿಫ್ ನುಡಿಸಿ, ತಲೆದೂಗೋದು. ಇಂಥ ಹೋಲಿಕೆಗಳನ್ನ ವರ್ಷಗಟ್ಟಲೆ ಓದಿ, ಕೇಳಿ ನನಗೆ ಅನ್ನಿಸಿದ್ದನ್ನ ಮೊದಲೇ ಹೇಳಿಬಿಡ್ತೀನಿ. ಅವರು ಸುಳ್ಳು ಹೇಳ್ತಿಲ್ಲ, ವ್ಯತ್ಯಾಸ ಕೇಳಿಸಿದ್ದು ನಿಜ. ಆದ್ರೆ ಅವರಿಗೆ ಕೇಳಿಸಿದ್ದರಲ್ಲಿ ಬಹುಪಾಲು ಟ್ಯೂಬಿನದ್ದಲ್ಲ. ಅದರಲ್ಲೂ ಹೈ-ಗೇನ್ ಆಂಪಿನ ವಿಷಯಕ್ಕೆ ಬಂದ್ರೆ, ಆ ಮಾತುಗಳೆಲ್ಲ ಹುಟ್ಟಿದ್ದೇ ಬೇರೆ ಥರದ, ಹಳೇ ಆಂಪುಗಳ ಬಗ್ಗೆ. ಮಶೀನು ಬದಲಾಯ್ತು, ಮಾತು ಬದಲಾಗ್ಲಿಲ್ಲ.

ಟ್ಯೂಬ್ ಅಂದ್ರೇನು ಅಂತ ಕೇಳೋರಿಗೆ ಎರಡು ಮಾತು. ಮನೆಯಲ್ಲಿ ಹಳೇ ವಾಲ್ವ್ ರೇಡಿಯೊ ಕಂಡವರಿಗೆ ಇದು ಗೊತ್ತು. ಗುಂಡಿ ತಿರುಗಿಸಿದ ತಕ್ಷಣ ಅದು ಹಾಡೋದಿಲ್ಲ. ಒಳಗಿನ ಗಾಜಿನ ಬುರುಡೆಗಳು ಕೆಂಪಗೆ ಕಾಯಬೇಕು, ಆಮೇಲೆ ನಿಧಾನಕ್ಕೆ ದನಿ ಏಳುತ್ತೆ. ಆ ಬುರುಡೆಯೇ ವಾಲ್ವ್, ಅದೇ ಟ್ಯೂಬ್. ನಮ್ಮ ಬೆಂಗಳೂರಿನ ಬಿಇಎಲ್ 1961ರಲ್ಲೇ ರೇಡಿಯೊಗೆ ಬೇಕಾದ ವಾಲ್ವುಗಳನ್ನ ತಯಾರಿಸೋಕೆ ಶುರು ಮಾಡಿತ್ತು. ಟ್ರಾನ್ಸಿಸ್ಟರ್ ಬಂದು ರೇಡಿಯೊದಿಂದ, ಟಿವಿಯಿಂದ ವಾಲ್ವನ್ನ ಓಡಿಸ್ತು. ಗಿಟಾರಿನವರು ಮಾತ್ರ ಬಿಡಲಿಲ್ಲ. ಯಾಕಂದ್ರೆ ವಾಲ್ವಿಗೆ ಅದರ ತಾಕತ್ತಿಗಿಂತ ಜಾಸ್ತಿ ಸಿಗ್ನಲ್ ಕೊಟ್ರೆ ಅದು ದನಿಯನ್ನ ಒಡೆಯುತ್ತೆ, ಆ ಒಡೆದ ದನಿಯೇ ರಾಕ್ ಸಂಗೀತದ ಜೀವಾಳ ಆಗಿಹೋಯ್ತು.

ಗಿಟಾರ್ ಆಂಪಿನಲ್ಲಿ ಎರಡು ಥರದ ಟ್ಯೂಬ್ ಇರುತ್ತೆ. ಮುಂದೆ ಹೆಬ್ಬೆರಳು ಗಾತ್ರದ ಪುಟ್ಟ ಟ್ಯೂಬುಗಳು, ಹೆಚ್ಚಾಗಿ 12ಎಎಕ್ಸ್7. ಯುರೋಪಿನವರು ಇದನ್ನೇ ಇಸಿಸಿ83 ಅಂತಾರೆ. ಇದು ಪ್ರಿಆಂಪ್. ಗಿಟಾರಿನಿಂದ ಬರೋ ಸಣ್ಣ ಸಿಗ್ನಲ್ಲನ್ನ ದೊಡ್ಡದು ಮಾಡಿ, ರೂಪ ಕೊಡೋದು ಇದರ ಕೆಲಸ. ಹಿಂದೆ ದೊಡ್ಡ ಪವರ್ ಟ್ಯೂಬುಗಳು, ಎರಡೋ ನಾಲ್ಕೋ ಇರುತ್ತವೆ. ಅವು ಆ ಸಿಗ್ನಲ್ಲಿಗೆ ಸ್ಪೀಕರ್ ಅಲ್ಲಾಡಿಸೋ ಶಕ್ತಿ ಕೊಡುತ್ತವೆ. ಅಡುಗೆ ಪ್ರಿಆಂಪಿನಲ್ಲಿ, ಬಡಿಸೋದು ಪವರ್ ಟ್ಯೂಬ್ ಅಂತ ಸದ್ಯಕ್ಕೆ ಇಟ್ಕೊಳ್ಳಿ. ಜಗಳ ಇರೋದು ಈ ಬಡಿಸೋರ ಬಗ್ಗೆ.

ಇನ್ನು "ಅಮೆರಿಕನ್", "ಬ್ರಿಟಿಷ್" ಅನ್ನೋ ಹಣೆಪಟ್ಟಿ. 6ಎಲ್6 ಹುಟ್ಟಿದ್ದು 1936ರಲ್ಲಿ, ಅಮೆರಿಕದ ಆರ್‌ಸಿಎ ಕಂಪನಿಯಲ್ಲಿ. ಮುಂದೆ ಫೆಂಡರ್‌ನ ದೊಡ್ಡ ಆಂಪುಗಳಲ್ಲಿ ಇದರ ಕುಲವೇ ಬಂತು. ಇಎಲ್34 ಯುರೋಪಿನ ಕೂಸು, ಫಿಲಿಪ್ಸ್ ಮತ್ತು ಇಂಗ್ಲೆಂಡಿನ ಮಲ್ಲಾರ್ಡ್ ಹೆಸರಿನ ಜೊತೆ ಬೆಳೆದದ್ದು. ಇಲ್ಲಿವರೆಗೆ ಕಥೆ ಚೊಕ್ಕವಾಗಿದೆ. ಆದ್ರೆ ಜಿಮ್ ಮಾರ್ಷಲ್ 1960ರ ದಶಕದ ಮೊದಲಲ್ಲಿ ಲಂಡನ್ನಿನ ತಮ್ಮ ಅಂಗಡಿಯಲ್ಲಿ ಜೆಟಿಎಂ45 ಅನ್ನೋ ಮೊದಲ ಆಂಪ್ ಮಾಡಿಸಿದಾಗ ಅದು ಫೆಂಡರ್ ಬ್ಯಾಸ್‌ಮನ್ ಸರ್ಕ್ಯೂಟಿನ ಮಾದರಿಯಲ್ಲೇ ಇತ್ತು. ಶುರುವಿನ ಆಂಪುಗಳಲ್ಲಿ ಇದ್ದದ್ದು 6ಎಲ್6 ಕುಲದ 5881, ಆಮೇಲೆ ಕೆಟಿ66. ಇಎಲ್34 ಬಂದದ್ದು ಅದಕ್ಕೂ ಆಮೇಲೆ. ಅಷ್ಟೇ ಅಲ್ಲ, 1980ರ ದಶಕದಲ್ಲಿ ಅಮೆರಿಕಕ್ಕೆ ಹೋದ ಎಷ್ಟೋ ಮಾರ್ಷಲ್ ಜೆಸಿಎಂ800 ಆಂಪುಗಳಲ್ಲಿ ಇದ್ದದ್ದು 6550 ಅನ್ನೋ ಅಮೆರಿಕನ್ ಟ್ಯೂಬು. ಅಂದ್ರೆ ಅಮೆರಿಕದ ಎಷ್ಟೋ ಹುಡುಗರು "ಬ್ರಿಟಿಷ್ ಸೌಂಡು" ಅಂತ ಕೇಳಿ ಮೆಚ್ಚಿದ್ದು ಅವರದ್ದೇ ದೇಶದ ಟ್ಯೂಬಿನ ಮೂಲಕ! ಟ್ಯೂಬಿಗೆ ಪಾಸ್‌ಪೋರ್ಟ್ ಕೊಡೋ ಮುಂಚೆ ಇಷ್ಟು ನೆನಪಿರಲಿ.

ಆದ್ರೂ ಆ ಹಳೇ ಕಾಲದಲ್ಲಿ ಪವರ್ ಟ್ಯೂಬಿನ ಬಗ್ಗೆ ಇಷ್ಟೆಲ್ಲ ಮಾತಾಡೋದಕ್ಕೆ ಅರ್ಥ ಇತ್ತು. 60ರ ದಶಕದ ಮಾರ್ಷಲ್ಲಿಗೆ ಮಾಸ್ಟರ್ ವಾಲ್ಯೂಮ್ ಇರಲಿಲ್ಲ. ಪ್ರಿಆಂಪಿನಲ್ಲಿ ದನಿ ತಕ್ಕಮಟ್ಟಿಗೆ ಮಾತ್ರ ಒಡೀತಿತ್ತು. ಪೂರ್ತಿ ಒಡೆದ ದನಿ ಬೇಕಂದ್ರೆ ಇಡೀ ಆಂಪನ್ನೇ ಕಿವಿ ಕಿತ್ತುಹೋಗೋ ಹಾಗೆ ಜೋರು ಮಾಡಿ ಪವರ್ ಟ್ಯೂಬನ್ನ ಸುಸ್ತು ಮಾಡಬೇಕಿತ್ತು. ಎಡ್ಡಿ ವ್ಯಾನ್ ಹೇಲೆನ್ 1978ರ ಮೊದಲ ಆಲ್ಬಂನಲ್ಲಿ ಕೇಳಿಸಿದ ಸೌಂಡು ಅಂಥ ಮಾರ್ಷಲ್ಲಿನದ್ದು. ವೇರಿಯಾಕ್ ಅನ್ನೋ ಟ್ರಾನ್ಸ್‌ಫಾರ್ಮರಿನಿಂದ ಆಂಪಿಗೆ ಹೋಗೋ ವೋಲ್ಟೇಜ್ ಇಳಿಸಿ, ಗುಂಡಿಗಳನ್ನೆಲ್ಲ ಏರಿಸಿ ನುಡಿಸ್ತಿದ್ದ. ಅಲ್ಲಿ ಪವರ್ ಟ್ಯೂಬು ಅಡುಗೆಯನ್ನೂ ಮಾಡ್ತಿತ್ತು, ಬಡಿಸ್ತಾನೂ ಇತ್ತು. "ಕಂದು ಬಣ್ಣದ ದನಿ" ಅನ್ನೋ ಮಾತು ಅವನ ಆ ಸೌಂಡಿಗೇ ಅಂಟಿಕೊಂಡಿದ್ದು. ಆ ಜಾಗದಲ್ಲಿ ಅದು ಸರಿ.

ಹೈ-ಗೇನ್ ಆಂಪ್ ಬಂದಾಗ ಅಡುಗೆಮನೆಯೇ ಜಾಗ ಬದಲಾಯಿಸ್ತು. 1987ರ ಸೊಲ್ಡಾನೊ ಎಸ್‌ಎಲ್‌ಒ-100, 1992ರ ಪೀವೀ 5150, ಅದೇ ಹೊತ್ತಿಗೆ ಬಂದ ಮೆಸಾ ಬೂಗಿ ಡ್ಯುಯಲ್ ರೆಕ್ಟಿಫೈಯರ್, ಇವೆಲ್ಲ ಮಾಡಿದ್ದು ಒಂದೇ. ಪ್ರಿಆಂಪಿನಲ್ಲಿ 12ಎಎಕ್ಸ್7ನ ಹಂತಗಳನ್ನ ಒಂದರ ಹಿಂದೆ ಒಂದು ಸಾಲಾಗಿ ಜೋಡಿಸಿದ್ದು. ಲೆಕ್ಕ ಹಾಕಿ ನೋಡಿ. ಒಂದೊಂದು ಹಂತವೂ ಸಿಗ್ನಲ್ಲನ್ನ ಸುಮಾರು 50 ಪಟ್ಟು ಹಿಗ್ಗಿಸಬಲ್ಲದು. ಎರಡು ಹಂತ ಆದ್ರೆ 50 ಗುಣಿಸು 50, ಅಂದ್ರೆ 2,500 ಪಟ್ಟು. ಗಿಟಾರಿನಿಂದ ಬಂದ 100 ಮಿಲಿವೋಲ್ಟ್ ಲೆಕ್ಕದಲ್ಲಿ 250 ವೋಲ್ಟ್ ಆಗಬೇಕು, ಆದ್ರೆ ಅಷ್ಟಕ್ಕೆ ಟ್ಯೂಬಿನಲ್ಲಿ ಜಾಗ ಇಲ್ಲ. ಅಲೆಯ ತಲೆಯೂ ಬುಡವೂ ಕತ್ತರಿಸಿಹೋಗುತ್ತೆ. ಮೂರನೆಯ, ನಾಲ್ಕನೆಯ ಹಂತ ಕತ್ತರಿಸಿದ್ದನ್ನೇ ಮತ್ತೆ ಕತ್ತರಿಸುತ್ತೆ. ನಡುನಡುವೆ ಸಿಗ್ನಲ್ಲನ್ನ ತಗ್ಗಿಸಿ, ಅನಗತ್ಯ ಬೇಸ್ ಸೋಸಿ ಕಳಿಸೋದೂ ಇರುತ್ತೆ. ದುಂಡಗಿದ್ದ ಅಲೆ ಚೌಕ ಆಗಿ, ಮಾಸ್ಟರ್ ವಾಲ್ಯೂಮ್ ದಾಟಿ, ಪವರ್ ಟ್ಯೂಬಿನ ಹತ್ರ ಬರೋ ಹೊತ್ತಿಗೆ ಡಿಸ್ಟಾರ್ಷನ್ ಅನ್ನೋದು ಮುಗಿದ ಕೆಲಸ.

ಈಗ ಮನೆಯಲ್ಲಿ ಇದನ್ನ ನುಡಿಸೋರು ಎಷ್ಟು ಜೋರಾಗಿ ನುಡಿಸ್ತಾರೆ? 100 ವ್ಯಾಟಿನ ಆಂಪಿನಲ್ಲಿ ಒಂದೆರಡು ವ್ಯಾಟ್ ದಾಟಿದ್ರೆ ಪಕ್ಕದ ಮನೆಯವರು ಬಾಗಿಲು ತಟ್ತಾರೆ. ಅಷ್ಟು ಕಡಿಮೆ ಕೆಲಸಕ್ಕೆ ನಾಲ್ಕು ದೊಡ್ಡ ಪವರ್ ಟ್ಯೂಬುಗಳು ಬೆವರೋದೂ ಇಲ್ಲ. ಕೊಟ್ಟಿದ್ದನ್ನ ಹಾಗೇ ಸ್ಪೀಕರಿಗೆ ದಾಟಿಸ್ತವೆ. ಹೀಗಿರೋವಾಗ ಮಲಗೋ ಕೋಣೆಯಲ್ಲಿ ಮಾಡಿದ ವಿಡಿಯೊದಲ್ಲಿ "ಇಎಲ್34 ಒಡೆಯೋ ರೀತಿ ನೋಡಿ" ಅಂದ್ರೆ, ಒಡೀತಿರೋದು ಯಾರು ಸ್ವಾಮಿ?

ಇದಕ್ಕೆ ಇನ್ನೂ ಗಟ್ಟಿ ಸಾಕ್ಷಿ ಬೇಕಂದ್ರೆ ಪ್ಯಾಂಟೆರಾ ಬ್ಯಾಂಡಿನ ಡೈಮ್‌ಬ್ಯಾಗ್ ಡ್ಯಾರೆಲ್ ಇದ್ದಾನೆ. 1990ರ ದಶಕದ ಮೆಟಲ್ ಗಿಟಾರ್ ಸೌಂಡ್ ಅಂದ್ರೆ ಅವನ ಹೆಸರು ಬಾರದೆ ಇರೋದಿಲ್ಲ. ಆ ದಶಕದ ಮೊದಲಲ್ಲಿ ಅವನು ಹೆಸರು ಮಾಡಿದ್ದು ರ‍್ಯಾಂಡಲ್ ಕಂಪನಿಯ ಸಾಲಿಡ್-ಸ್ಟೇಟ್ ಆಂಪಿನಲ್ಲಿ. ಅದರಲ್ಲಿ ಪವರ್ ಟ್ಯೂಬೇ ಇಲ್ಲ! ಹೈ-ಗೇನ್ ಸೌಂಡಿನ ಆತ್ಮ ಪವರ್ ಟ್ಯೂಬಿನಲ್ಲೇ ಇದ್ದಿದ್ರೆ ಅವನ ಗಿಟಾರು ಮಂಕಾಗಿರಬೇಕಿತ್ತು. ಇರಲಿಲ್ಲ ಅನ್ನೋದು ಕೇಳಿದವರಿಗೆಲ್ಲ ಗೊತ್ತು.

ಹಾಗಾದ್ರೆ ಟ್ಯೂಬ್ ಬದಲಾಯಿಸಿದಾಗ ಅಷ್ಟೊಂದು ಜನಕ್ಕೆ ಕೇಳಿಸೋ ವ್ಯತ್ಯಾಸ ಎಲ್ಲಿಂದ ಬರುತ್ತೆ? ಸಾಫ್ಟ್‌ವೇರ್ ಕೆಲಸದಲ್ಲಿ ಇರೋರಿಗೆ ಈ ಸಮಸ್ಯೆ ಹೊಸದಲ್ಲ. ನಾಲ್ಕು ಫೈಲಿನಲ್ಲಿ ಕೈಯಾಡಿಸಿ, ಸರ್ವರ್ ರೀಸ್ಟಾರ್ಟ್ ಮಾಡಿ, ಬಗ್ ಹೋದ ಮೇಲೆ "ಮೂರನೇ ಫೈಲಿನ ಆ ಸಾಲೇ ಕಾರಣ" ಅಂತ ಹೇಳೋರನ್ನ ದಿನಾ ನೋಡ್ತೀವಿ. ಟ್ಯೂಬ್ ಬದಲಾಯಿಸೋವಾಗಲೂ ಒಂದರ ಜೊತೆ ಇನ್ನೂ ನಾಲ್ಕು ಬದಲಾಗಿರುತ್ತೆ.

ಮೊದಲನೆಯದು ಜೋರು. ಟ್ಯೂಬಿನ ಗ್ರಿಡ್ಡಿಗೆ ಒಂದು ವೋಲ್ಟ್ ಬದಲಾವಣೆ ಕೊಟ್ರೆ ಅದು ಎಷ್ಟು ಕರೆಂಟನ್ನ ಬದಲಾಯಿಸುತ್ತೆ ಅನ್ನೋದಕ್ಕೆ ಡೇಟಾಶೀಟಿನಲ್ಲಿ ಒಂದು ಅಂಕಿ ಇರುತ್ತೆ. ಇಎಲ್34ಗೆ ಅದು ಸುಮಾರು 11 ಮಿಲಿಆಂಪ್, 6ಎಲ್6ಜಿಸಿಗೆ ಸುಮಾರು 6. ಆಂಪಿನ ಒಳಗೆ ಇದೇ ಅಂಕಿ ಹಾಗೇ ಉಳಿಯೋದಿಲ್ಲ, ಆದ್ರೆ ತಕ್ಕಡಿ ಯಾವ ಕಡೆ ವಾಲುತ್ತೆ ಅಂತ ಗೊತ್ತಾಗುತ್ತೆ. ವಾಲ್ಯೂಮ್ ಗುಂಡಿ ಅದೇ ಜಾಗದಲ್ಲಿದ್ರೂ ಇಎಲ್34 ಒಂಚೂರು ಜೋರಾಗಿ ಕೇಳಿಸಬಹುದು. ಫ್ಲೆಚರ್ ಮತ್ತು ಮನ್ಸನ್ ಅನ್ನೋ ಇಬ್ಬರು 1933ರಲ್ಲೇ ತೋರಿಸಿದ ಹಾಗೆ, ದನಿ ಜೋರಾದಷ್ಟೂ ನಮ್ಮ ಕಿವಿಗೆ ತಳದ ಬೇಸು ಹೆಚ್ಚು ತುಂಬಿಕೊಂಡು ಕೇಳಿಸುತ್ತೆ. ಕಿವಿ ಅದನ್ನ "ಜೋರಾಯ್ತು" ಅಂತ ಹೇಳೋದಿಲ್ಲ, "ಚೆನ್ನಾಗಾಯ್ತು, ತುಂಬಿಕೊಂಡಿದೆ" ಅಂತ ಹೇಳುತ್ತೆ. ಅಂಗಡಿಯವರಿಗೆ ಇದು ನಮಗಿಂತ ಮುಂಚೆ ಗೊತ್ತು.

ಎರಡನೆಯದು ಬಯಾಸ್. ಗಿಟಾರ್ ನುಡಿಸದೆ ಸುಮ್ಮನಿದ್ದಾಗಲೂ ಪವರ್ ಟ್ಯೂಬಿನಲ್ಲಿ ಒಂದಿಷ್ಟು ಕರೆಂಟ್ ಹರೀತಾ ಇರಬೇಕು. ಬೈಕಿನ ಐಡ್ಲಿಂಗ್ ಇದ್ದ ಹಾಗೆ. ಕಡಿಮೆ ಇಟ್ರೆ ದನಿ ಒಣಕಲು, ಹೆಚ್ಚು ಇಟ್ರೆ ಟ್ಯೂಬು ಬೇಗ ಸಾಯುತ್ತೆ. 6ಎಲ್6ಜಿಸಿಯ ಪ್ಲೇಟು 30 ವ್ಯಾಟ್ ಶಾಖ ತಡೆಯುತ್ತೆ, ಇಎಲ್34 ತಡೆಯೋದು 25. ರಿಪೇರಿಯವರು ಸಾಮಾನ್ಯವಾಗಿ ಇದರ 70 ಪರ್ಸೆಂಟ್ ದಾಟಿಸೋದಿಲ್ಲ. ಪ್ಲೇಟಿನ ಮೇಲೆ 450 ವೋಲ್ಟ್ ಇದ್ರೆ 6ಎಲ್6ಜಿಸಿಗೆ ಸುಮಾರು 47 ಮಿಲಿಆಂಪ್, ಇಎಲ್34ಗೆ ಸುಮಾರು 39. ಒಂದನ್ನ ಕಿತ್ತು ಇನ್ನೊಂದನ್ನ ಚುಚ್ಚಿ ಬಯಾಸ್ ಅಳೆಯದೆ ನುಡಿಸಿದ್ರೆ, ನೀವು ಹೋಲಿಸ್ತಿರೋದು ಎರಡು ಟ್ಯೂಬುಗಳನ್ನಲ್ಲ, ಒಂದು ಟ್ಯೂನ್ ಮಾಡಿದ ಬೈಕನ್ನೂ ಒಂದು ಟ್ಯೂನ್ ಮಾಡದ ಬೈಕನ್ನೂ. ಮೂಲ 5150ಗೆ ಬಯಾಸ್ ತಿರುಗಿಸೋ ಸ್ಕ್ರೂ ಇರಲಿಲ್ಲ, ಕಾರ್ಖಾನೆಯಲ್ಲೇ ಕಡಿಮೆ ಇಟ್ಟು ಕಳಿಸ್ತಿದ್ರು. ಅದರಲ್ಲಿ 6ಎಲ್6 "ಒಣಕಲು" ಅಂತ ಬೈಯೋರು ಬೈಯಬೇಕಾದ್ದು ಆ ಸೆಟ್ಟಿಂಗನ್ನ.

ಮೂರನೆಯದು ವಯಸ್ಸು. ಯಾರೂ ಹೊಸಾ ಟ್ಯೂಬ್ ಕಿತ್ತು ಹೊಸಾ ಟ್ಯೂಬ್ ಹಾಕೋದಿಲ್ಲ. ಮೂರು ವರ್ಷ ದುಡಿದು ಸವೆದ 6ಎಲ್6 ತೆಗೆದು, ಡಬ್ಬಿಯಿಂದ ಈಗಷ್ಟೇ ಬಂದ ಇಎಲ್34 ಹಾಕ್ತಾರೆ. ಗೆದ್ದದ್ದು ಇಎಲ್34 ಅಲ್ಲ, ಹೊಸತನ. ಅದೇ ದಿನ ಹೊಸಾ 6ಎಲ್6 ಹಾಕಿದ್ರೂ ಅದೇ ಖುಷಿ ಆಗ್ತಿತ್ತು.

ನಾಲ್ಕನೆಯದು ನೆನಪು. ಆಂಪ್ ಆರಿಸಿ, ಟ್ಯೂಬ್ ತಣ್ಣಗಾಗೋವರೆಗೆ ಕಾದು, ಬದಲಾಯಿಸಿ, ಬಯಾಸ್ ನೋಡಿ, ಮತ್ತೆ ಕಾಯಿಸಿ ನುಡಿಸೋಕೆ ಕಾಲು ಗಂಟೆಗೂ ಜಾಸ್ತಿ ಬೇಕು. ಇಷ್ಟು ಹೊತ್ತು ಒಂದು ದನಿಯ ಸೂಕ್ಷ್ಮವನ್ನ ಕಿವಿ ಹಿಡಿದಿಟ್ಕೊಳ್ಳೋದಿಲ್ಲ. ಹಿಡಿದಿಟ್ಕೊಳ್ಳೋದು ನಿರೀಕ್ಷೆಯನ್ನ. ಜೊತೆಗೆ ಎರಡನೇ ಸಲ ಅದೇ ರಿಫನ್ನ ಕೈ ಬೇರೆ ಥರ ನುಡಿಸಿರುತ್ತೆ.

ಇದರ ಮೇಲೆ ಲೇಬಲ್ಲಿನ ಆಟ ಬೇರೆ. ಟಂಗ್-ಸಾಲ್, ಮಲ್ಲಾರ್ಡ್, ಎಲೆಕ್ಟ್ರೊ-ಹಾರ್ಮೋನಿಕ್ಸ್, ಸೊವ್‌ಟೆಕ್ ಅಂತ ನಾಲ್ಕು ಡಬ್ಬಿ ನಾಲ್ಕು ಬಣ್ಣದಲ್ಲಿ ಬರುತ್ತೆ. ಈಗ ಮಾರೋ ಹೊಸಾ ತಯಾರಿಕೆಯಲ್ಲಿ ಈ ನಾಲ್ಕೂ ಹೆಸರು ನ್ಯೂ ಸೆನ್ಸರ್ ಅನ್ನೋ ಒಂದೇ ಕಂಪನಿಯವು, ಕಾರ್ಖಾನೆ ರಷ್ಯಾದ ಸರಾಟೊವ್‌ನಲ್ಲಿದೆ. ಮಲ್ಲಾರ್ಡ್ ಅಂತ ಬರೆದಿದ್ದಕ್ಕೆ ಅದು ಹಳೇ ಇಂಗ್ಲೆಂಡಿನ ಮಲ್ಲಾರ್ಡ್ ಆಗೋದಿಲ್ಲ. ಒಂದೇ ಕಾರ್ಖಾನೆಯಲ್ಲೂ ಬೇರೆ ಬೇರೆ ವಿನ್ಯಾಸದ ಟ್ಯೂಬ್ ಮಾಡಬಹುದು, ಒಪ್ಪೋಣ. ಆದ್ರೆ 2022ರ ಮಾರ್ಚಿನಲ್ಲಿ ರಷ್ಯಾ ರಫ್ತಿಗೆ ತಡೆ ಹಾಕಿದಾಗ ಇಷ್ಟೂ ಬ್ರ್ಯಾಂಡಿನವರು ಒಟ್ಟಿಗೇ ಕಂಗಾಲಾದ್ರು, ಬೆಲೆ ಏರ್ತು. ಆಗ "ಟಂಗ್-ಸಾಲ್ ಮೇಲೋ ಮಲ್ಲಾರ್ಡ್ ಮೇಲೋ" ಅಂತ ಜಗಳ ಆಡ್ತಿದ್ದವರಿಗೆ ಎರಡೂ ಒಂದೇ ಗೇಟಿನಿಂದ ಹೊರಗೆ ಬರ್ತಿದ್ವು ಅಂತ ಅರಿವಾಯ್ತು.

ಇಷ್ಟೆಲ್ಲ ಹೇಳಿ "ಎಲ್ಲಾ ಬುರುಡೆ, ಯಾವ ಟ್ಯೂಬಾದ್ರೂ ಒಂದೇ" ಅಂತ ಮುಗಿಸಿಬಿಟ್ರೆ ಅದೂ ಇನ್ನೊಂದು ಥರದ ಸೋಮಾರಿತನ. ಎಂಜಿನಿಯರುಗಳಿಗೆ ಈ ಚಟ ಜಾಸ್ತಿ. ಬಡಿಸೋ ಕೈಗೂ ಗುಣ ಇದೆ, ಅದು ಎಲ್ಲಿ ಕಾಣುತ್ತೆ ಅಂತ ನೋಡೋದು ವಿಮರ್ಶೆ.

ಅದು ಕಾಣೋದು ಸ್ಪೀಕರಿನ ಹತ್ರ. ಸ್ಪೀಕರಿನ ಬೆನ್ನಿಗೆ 8 ಓಮ್ ಅಂತ ಬರೆದಿದ್ರೂ ಅದು ಎಲ್ಲಾ ಸ್ವರಕ್ಕೂ 8 ಓಮ್ ಅಲ್ಲ. ಮುಚ್ಚಿದ ಪೆಟ್ಟಿಗೆಯಲ್ಲಿ ಕೂತ ಗಿಟಾರ್ ಸ್ಪೀಕರು 100 ಹರ್ಟ್ಜ್ ಆಸುಪಾಸಿನಲ್ಲಿ ತಾನೇ ತಾನಾಗಿ ತೂಗಾಡೋಕೆ ಶುರು ಮಾಡುತ್ತೆ, ಅಲ್ಲಿ ಅದರ ಓಮ್ ಹಲವು ಪಟ್ಟು ಏರುತ್ತೆ. ಮೇಲಿನ ಸ್ವರಗಳಲ್ಲೂ ಏರುತ್ತೆ. ಗಿಟಾರಿನ ದಪ್ಪ ತಂತಿಯ ಸ್ವರ 82 ಹರ್ಟ್ಜ್. ಅಂದ್ರೆ ಮೆಟಲ್ ಸಂಗೀತದ "ಧಡ್ ಧಡ್" ಬರೋದೇ ಈ ತೂಗಾಟದ ಜಾಗದಲ್ಲಿ. ಪವರ್ ಟ್ಯೂಬುಗಳು ಸ್ವಭಾವತಃ ಸ್ಪೀಕರನ್ನ ಬಿಗಿಯಾಗಿ ಹಿಡಿಯೋದಿಲ್ಲ, ಅದು ತೂಗಾಡಿದಲ್ಲಿ ತಾವೂ ಜೊತೆಗೆ ಹೋಗ್ತವೆ. ಅದಕ್ಕೇ ಆಂಪ್ ಮಾಡೋರು ಲಗಾಮು ಹಾಕ್ತಾರೆ: ಔಟ್‌ಪುಟ್ಟಿನಿಂದ ಒಂಚೂರು ಸಿಗ್ನಲ್ ವಾಪಸ್ ತಂದು ಉಲ್ಟಾ ಸೇರಿಸ್ತಾರೆ. ಇದೇ ನೆಗೆಟಿವ್ ಫೀಡ್‌ಬ್ಯಾಕ್. ಲಗಾಮು ಬಿಗಿ ಇದ್ದಷ್ಟೂ ಟ್ಯೂಬು ಟ್ಯೂಬಿನ ನಡುವಿನ ವ್ಯತ್ಯಾಸ ಸಣ್ಣದಾಗುತ್ತೆ. ಸಡಿಲ ಬಿಟ್ಟಷ್ಟೂ ಎದ್ದು ಕಾಣುತ್ತೆ.

ಡ್ಯುಯಲ್ ರೆಕ್ಟಿಫೈಯರ್ ಈ ವಿಷಯಕ್ಕೆ ಹೇಳಿ ಮಾಡಿಸಿದ ಆಂಪು. ಅದರ ಹಿಂದೆ ಒಂದು ಸ್ವಿಚ್ ಇದೆ, ಒಂದು ಕಡೆ 6ಎಲ್6, ಇನ್ನೊಂದು ಕಡೆ ಇಎಲ್34. ತಿರುಗಿಸಿದ್ರೆ ಬಯಾಸ್ ವೋಲ್ಟೇಜ್ ಬದಲಾಗುತ್ತೆ. ಜೊತೆಗೆ ಅದರ ಮಾಡರ್ನ್ ಅನ್ನೋ ಮೋಡ್ ಫೀಡ್‌ಬ್ಯಾಕಿನ ಲಗಾಮನ್ನ ಪೂರ್ತಿ ಬಿಚ್ಚಿಬಿಡುತ್ತೆ, ವಿಂಟೇಜ್ ಮೋಡಿನಲ್ಲಿ ಲಗಾಮು ಇರುತ್ತೆ.

ಬೆಂಗಳೂರಿನಲ್ಲಿ ಗೆಳೆಯನೊಬ್ಬನ ಜ್ಯಾಮ್ ರೂಮಿದೆ. ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಕೇಳಿ ಹುಚ್ಚು ಹತ್ತಿಸ್ಕೊಂಡ ಪೈಕಿ ಅವನೂ ಒಬ್ಬ. ಅಲ್ಲಿಗೆ ಬರೋ ಹುಡುಗನೊಬ್ಬ ಮೊದಲ ಕೆಲಸದ ಸಂಬಳದಲ್ಲಿ ಒಂದು ಸೆಟ್ ಇಎಲ್34 ತರಿಸ್ತೀನಿ ಅಂತ ಕುಣೀತಿದ್ದ. "ಅಣ್ಣಾ, ನಮ್ ಬ್ಯಾಂಡಿನ ಸೌಂಡು ಕೆಸರು ಕೆಸರು. ಟ್ಯೂಬ್ ಬದಲಾಯಿಸಿದ್ರೆ ಸರಿ ಹೋಗುತ್ತಲ್ವಾ?" ಅಂತ ಕೇಳ್ದ. ದುಡ್ಡು ಕಳ್ಕೊಳ್ಳೋ ಮುಂಚೆ ಕಿವಿಗೊಟ್ಟು ನೋಡೋಣ ಅಂತ ಒಂದು ಸಂಜೆ ಮೂವರೂ ಕೂತ್ವಿ. ಗೆಳೆಯನ ರೆಕ್ಟಿಫೈಯರು, ಎರಡು ಥರದ ಟ್ಯೂಬಿನ ಹೊಸಾ ಸೆಟ್ಟುಗಳು. ಒಂದೇ ರಿಫನ್ನ ಒಂದೇ ಸಲ ರೆಕಾರ್ಡ್ ಮಾಡಿ ಅದನ್ನೇ ಎರಡೂ ಸಲ ಆಂಪಿಗೆ ಕಳಿಸಿದ್ವಿ. ಮೈಕ್ ಸ್ಟ್ಯಾಂಡಿನ ಕಾಲಿಗೆ ನೆಲದ ಮೇಲೆ ಟೇಪ್ ಅಂಟಿಸಿದ್ವಿ. ರೆಕಾರ್ಡಿಂಗುಗಳ ಜೋರನ್ನ ಸರಿದೂಗಿಸಿ, ಹೆಸರು ಮುಚ್ಚಿ, ಕೇಳಿದ್ವಿ.

ಮೂರು ಜನರ ಕಿವಿ, ಒಂದು ಸಂಜೆ. ಇದನ್ನ ಸಂಶೋಧನೆ ಅಂತ ಕರೆಯೋಕಾಗಲ್ಲ. ಆದ್ರೆ ಕೇಳಿಸಿದ್ದು ಮೇಲಿನ ಲೆಕ್ಕದ ಜೊತೆ ಹೊಂದ್ತಿತ್ತು. ಸಣ್ಣ ವಾಲ್ಯೂಮಿನಲ್ಲಿ, ವಿಂಟೇಜ್ ಮೋಡಿನಲ್ಲಿ ಮೂವರೂ ಕಣ್ಣುಮುಚ್ಚಿ ಕಾಸು ಚಿಮ್ಮಿದ ಹಾಗೆ ಉತ್ತರ ಕೊಟ್ವಿ. ಮಾಡರ್ನ್ ಮೋಡಿನಲ್ಲಿ, ಕಿಟಕಿ ಗಾಜು ನಡುಗೋ ಮಟ್ಟಕ್ಕೆ ಏರಿಸಿದಾಗ ಮಾತ್ರ ಎರಡೂ ಬೇರೆ ಬೇರೆ ಮನುಷ್ಯರ ಹಾಗೆ ಕಂಡ್ವು. ಅಂಗೈಯನ್ನ ತಂತಿಯ ಬುಡಕ್ಕೆ ಒತ್ತಿ ನುಡಿಸೋ ಪಾಮ್ ಮ್ಯೂಟಿನಲ್ಲಿ 6ಎಲ್6 ತಳದಲ್ಲಿ ಅಗಲ, ಮೇಲೆ ಚೂಪು. ಬೆಂಕಿಗೆ ಹಿಡಿದು ಕಾಯಿಸಿದ ತಮಟೆಯ ಪೆಟ್ಟಿನ ಹಾಗೆ ಪೆಟ್ಟು ಪೆಟ್ಟೂ ಬಿಡಿಬಿಡಿ. ಇಎಲ್34 ತಳವನ್ನ ಸ್ವಲ್ಪ ಬಿಟ್ಕೊಟ್ಟು ನಡುವಿನ ದನಿಯನ್ನ ಮುಂದಕ್ಕೆ ತಳ್ಳುತ್ತೆ, ಸ್ವರಗಳು ಒಂದಕ್ಕೊಂದು ಅಂಟಿಕೊಂಡು ಬರುತ್ತವೆ. ಒಬ್ಬನೇ ಗಿಟಾರಿಸ್ಟ್ ಇರೋ ಬ್ಯಾಂಡಿಗೆ, ವೇಗದ ರಿಫ್‌ಗಳಿಗೆ ನನ್ನ ಓಟು 6ಎಲ್6ಗೆ. ಎರಡು ಗಿಟಾರು, ಬೇಸು, ಡ್ರಮ್ಮು ಎಲ್ಲಾ ತಳದಲ್ಲಿ ಗುದ್ದಾಡೋ ಬ್ಯಾಂಡಿನಲ್ಲಿ ಒಂದು ಗಿಟಾರಿಗಾದ್ರೂ ಇಎಲ್34 ಇದ್ರೆ ಅದಕ್ಕೆ ಜಾಗ ಸಿಗುತ್ತೆ.

ಆಮೇಲೆ ಗೆಳೆಯ ಒಂದು ಕೆಲಸ ಮಾಡ್ದ. ಟ್ಯೂಬ್ ಮುಟ್ಟದೆ ಮೈಕನ್ನ ಸ್ಪೀಕರಿನ ನಡುವಿನಿಂದ ಎರಡು ಬೆರಳು ಪಕ್ಕಕ್ಕೆ ಸರಿಸ್ದ. ಅಷ್ಟೇ. ಇಡೀ ಸಂಜೆ ಕೇಳಿದ ಎಲ್ಲಾ ವ್ಯತ್ಯಾಸಕ್ಕಿಂತ ಅದು ದೊಡ್ಡದಾಗಿತ್ತು. ನಮ್ಮೂರ ಜಾತ್ರೆಯ ಮೈಕ್‌ಸೆಟ್ಟಿನವರಿಗೆ ಇದನ್ನ ಯಾರೂ ಹೇಳಿಕೊಡಬೇಕಿಲ್ಲ. ಅದೇ ಆಂಪ್ಲಿಫೈಯರ್ ಮರಕ್ಕೆ ಕಟ್ಟಿದ ಹಾರನ್ನಿನಲ್ಲಿ ಒಂದು ಥರ, ವೇದಿಕೆ ಪಕ್ಕದ ಪೆಟ್ಟಿಗೆ ಸ್ಪೀಕರಿನಲ್ಲಿ ಇನ್ನೊಂದು ಥರ ಅಂತ ಊರಿಗೆಲ್ಲ ಕೇಳಿಸ್ತಿತ್ತು. ಆಂಪಿನ ಒಳಗೆ ಯಾವ ವಾಲ್ವ್ ಇದೆ ಅಂತ ಮಾತ್ರ ಯಾರಿಗೂ ಕೇಳಿಸ್ತಿರಲಿಲ್ಲ.

ಹುಡುಗನ ಕೆಸರಿಗೂ ಔಷಧಿ ಟ್ಯೂಬಿನಲ್ಲಿ ಇರಲಿಲ್ಲ. ಗೇನ್ ಗುಂಡಿ ಒಂಬತ್ತರಲ್ಲಿತ್ತು, ಐದಕ್ಕೆ ಇಳಿಸಿದ್ವಿ. ಬೇಸ್ ಗುಂಡಿಯನ್ನೂ ಇಳಿಸಿ, ಕೋಣೆಯ ಮೂಲೆಯಲ್ಲಿದ್ದ ಸ್ಪೀಕರ್ ಪೆಟ್ಟಿಗೆಯನ್ನ ಗೋಡೆಯಿಂದ ದೂರ ಎಳೆದ್ವಿ. ಸಂಬಳ ಉಳೀತು. ಇಂಥ ಹುಡುಗರ ದುಡ್ಡು ಹೋಗೋದಷ್ಟೇ ಆಗಿದ್ರೆ ನಾನು ಇಷ್ಟುದ್ದ ಬರೀತಿರಲಿಲ್ಲ. ತನ್ನ ಕಿವಿಗೆ ಕೇಳಿಸದ್ದನ್ನೂ ಕೇಳಿಸ್ತು ಅಂತ ಹೇಳೋದನ್ನ ಅವನು ಕಲೀತಾನೆ. ಸಂಗೀತ ಕಲಿಯೋನು ಕಲೀಬಾರದ ಒಂದೇ ಪಾಠ ಅದು.

ಇನ್ನೊಂದು ಎಚ್ಚರಿಕೆ, ಇದು ತಮಾಷೆಯಲ್ಲ. ಎಲ್ಲಾ ಆಂಪಿಗೂ ರೆಕ್ಟಿಫೈಯರಿನ ಥರ ಸ್ವಿಚ್ ಇರಲ್ಲ. ಒಂದು 6ಎಲ್6ನ ಹೀಟರಿಗೆ 0.9 ಆಂಪ್ ಕರೆಂಟ್ ಸಾಕು, ಇಎಲ್34ಗೆ 1.5 ಬೇಕು. ನಾಲ್ಕು ಟ್ಯೂಬಿಗೆ 3.6 ಇದ್ದದ್ದು 6 ಆಂಪ್ ಆಗುತ್ತೆ. ಅದಕ್ಕೆ ತಯಾರಿಲ್ಲದ ಟ್ರಾನ್ಸ್‌ಫಾರ್ಮರ್ ಕಾದು ಸುಡುತ್ತೆ. ಸಾಕೆಟ್ಟಿನ ಪಿನ್ನುಗಳೂ ಪೂರ್ತಿ ಒಂದೇ ಅಲ್ಲ, ಇಎಲ್34ನ ಒಂದನೇ ಪಿನ್ನನ್ನ ಎಂಟನೆಯದಕ್ಕೆ ಸೇರಿಸಿರಬೇಕು. 6ಎಲ್6ಗೆ ಮಾಡಿದ ಕೆಲವು ಆಂಪುಗಳಲ್ಲಿ ಆ ಒಂದನೇ ಪಿನ್ನಿಗೆ ಬೇರೇನೋ ಬೆಸುಗೆ ಹಾಕಿರ್ತಾರೆ. "ಕೂತ್ಕೊಳ್ತು, ಅಂದ್ರೆ ಆಗುತ್ತೆ" ಅನ್ನೋ ನಂಬಿಕೆ ಬೇಡ. ಆಂಪಿನ ಒಳಗೆ 450 ವೋಲ್ಟ್ ಇರುತ್ತೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಪ್ರಾಣ ತೆಗೆಯೋವಷ್ಟು ಉಳಿದಿರುತ್ತೆ. ಕೈ ಪಳಗದವರು ಬಿಚ್ಚಬೇಡಿ, ಗೊತ್ತಿರೋರ ಹತ್ರ ತಗೊಂಡು ಹೋಗಿ.

ಕೊನೆಗೆ, ಮುಂದಿನ ಸಲ ಯಾರಾದ್ರೂ "ಇಎಲ್34 ಹಾಕಿದೆ, ಆಂಪೇ ಬೇರೆ ಆಗೋಯ್ತು" ಅಂದ್ರೆ ಜಗಳ ಮಾಡಬೇಡಿ. ಮೂರೇ ಪ್ರಶ್ನೆ ಕೇಳಿ. ಎರಡೂ ಸಲ ಜೋರು ಒಂದೇ ಇತ್ತಾ? ಬಯಾಸ್ ಅಳೆದ್ರಾ? ಕಿತ್ತು ಹಾಕಿದ ಟ್ಯೂಬಿಗೆ ಎಷ್ಟು ವಯಸ್ಸಾಗಿತ್ತು? ಮೂರಕ್ಕೂ ಉತ್ತರ ಇದ್ರೆ ಪಕ್ಕದಲ್ಲಿ ಕೂತು ಅವರು ಹೇಳೋದನ್ನ ಪೂರ್ತಿ ಕೇಳಿ, ಅವರಿಗೆ ನಿಜವಾಗ್ಲೂ ಏನೋ ಕೇಳಿಸಿದೆ. ಉತ್ತರ ಇಲ್ಲದಿದ್ರೆ ಮೊಬೈಲ್ ಜೇಬಿಗೆ ಹಾಕಿ, ವಾಲ್ಯೂಮ್ ಗುಂಡಿಯನ್ನ ಒಂದು ಗೆರೆ ಏರಿಸಿ. ಹೊಸಾ ಟ್ಯೂಬ್ ಹಾಕಿದಷ್ಟೇ ಖುಷಿಯಾಗುತ್ತೆ, ಬಿಟ್ಟಿಯಾಗಿ.